ಅಂಗಡಿಯ ಬಿಲ್ಲಿಂಗ್ ಆ್ಯಪ್‌ಗೆ ಓಪನ್‌ಟೆಲಿಮೆಟ್ರಿ: ಕಲೆಕ್ಟರ್‌ನಿಂದ ಪ್ರೊಮಿಥಿಯಸ್‌ವರೆಗೆ

ತುಮಕೂರಿನಲ್ಲಿ ಗೆಳೆಯನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಅದರ ಬಿಲ್ಲಿಂಗ್ ಆ್ಯಪ್ ನೋಡಿಕೊಳ್ಳೋದು ನಾನು. ಪೈಥಾನ್‌ನ ಫ್ಲಾಸ್ಕ್ ಫ್ರೇಮ್‌ವರ್ಕ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ನಡುವೆ ಆ್ಯಪ್ ಓಡಿಸುವ ಗನಿಕಾರ್ನ್‌ನ ನಾಲ್ಕು ವರ್ಕರ್‌ಗಳು (ರಿಕ್ವೆಸ್ಟ್‌ಗಳಿಗೆ ಉತ್ತರ ಕೊಡುವ ಪ್ರಾಸೆಸ್‌ಗಳು). ಎಲ್ಲವೂ 4 ಜಿಬಿ ರ‍್ಯಾಮ್‌ನ ಒಂದು ಬಾಡಿಗೆ ಸರ್ವರ್‌ನಲ್ಲಿ, ಡಾಕರ್ ಕಂಪೋಸ್ ಮೇಲೆ ಓಡುತ್ತವೆ. ದೂರು ಇಷ್ಟೇ: ಪ್ರತಿ ತಿಂಗಳ ಮೊದಲ ಹತ್ತು ದಿನ, ಸಂಜೆ ಹೊತ್ತಲ್ಲಿ, ಬಿಲ್ ಬರೋದು ತಡ. ಕೌಂಟರ್‌ನಲ್ಲಿ ಕೂರುವ ಹುಡುಗ ಫೋನ್ ಮಾಡಿ "ಅಣ್ಣ, ಸುಮ್ನೆ ತಿರುಗ್ತಾನೇ ಇದೆ" ಅನ್ನುತ್ತಾನೆ. ಲಾಗ್ ತೆಗೆದು ನೋಡಿದರೆ ಎರರ್ ಒಂದೂ ಇಲ್ಲ.

ಹಾಗಾಗಿ ಆ್ಯಪ್ ಒಳಗೆ ಏನಾಗುತ್ತಿದೆ ಅಂತ ಅಳೆಯುವ ಓಪನ್‌ಟೆಲಿಮೆಟ್ರಿ ಹಾಕಿ, ಅದು ಕೊಡುವ ಅಂಕಿಗಳನ್ನು (ಮೆಟ್ರಿಕ್‌ಗಳನ್ನು) ಕೂಡಿಡುವ ಪ್ರೊಮಿಥಿಯಸ್‌ಗೆ ಸೇರಿಸಿ, ಗ್ರಾಫ್ ತೋರಿಸುವ ಗ್ರಫಾನಾದಲ್ಲಿ ನೋಡೋಣ ಅಂತ ಕೂತೆ. ಟ್ರೇಸ್‌ಗಳಿಗೆ, ಅಂದರೆ ಒಂದೊಂದು ರಿಕ್ವೆಸ್ಟ್ ಎಲ್ಲೆಲ್ಲಿ ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನುವ ದಾಖಲೆಗಳಿಗೆ, ಯೇಗರ್. ಈ ಬರಹ ಅದರ ದಾಖಲೆ. ಇದನ್ನೇ ಮಾಡಲು ಹೊರಟವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪರದೆ ಮೇಲೆ ಗೆರೆ ಮೂಡಿಸುವುದು ಸುಲಭದ ಭಾಗ. ಆ ಗೆರೆ ಹೇಳುತ್ತಿರುವುದು ನಿಜವಾ ಅಂತ ನೋಡುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ.

ಹಿಂದಿನಿಂದ ಮುಂದಕ್ಕೆ

ಸಾಮಾನ್ಯವಾಗಿ ಎಲ್ಲರೂ ಆ್ಯಪ್‌ನಿಂದ ಶುರು ಮಾಡುತ್ತಾರೆ. ನಾನು ಉಲ್ಟಾ ಹೋದೆ. ಮೊದಲು ಪ್ರೊಮಿಥಿಯಸ್, ಆಮೇಲೆ ಕಲೆಕ್ಟರ್ (ಆ್ಯಪ್ ಕಳಿಸಿದ್ದನ್ನು ಪಡೆದು ಮುಂದಕ್ಕೆ ದಾಟಿಸುವ ಓಪನ್‌ಟೆಲಿಮೆಟ್ರಿಯ ನಡುವಿನ ಪ್ರೋಗ್ರಾಂ), ಕೊನೆಗೆ ಆ್ಯಪ್. ಆಗ ಯಾವ ಹಂತದಲ್ಲಿ ಏನು ಕೆಟ್ಟರೂ ಅದರ ಹಿಂದಿನದೆಲ್ಲ ಸರಿ ಇದೆ ಅಂತ ಗೊತ್ತಿರುತ್ತದೆ.

ಪ್ರೊಮಿಥಿಯಸ್ 2012ರಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಹುಟ್ಟಿದ್ದು. ಅದರ ಸ್ವಭಾವವೇ ಎಳೆದುಕೊಳ್ಳುವುದು: ಇಂತಿಷ್ಟು ಸೆಕೆಂಡಿಗೊಮ್ಮೆ ತಾನೇ ಹೋಗಿ ಆ್ಯಪ್‌ನ ಬಾಗಿಲು ತಟ್ಟಿ ಅಂಕಿ ತರುತ್ತದೆ. ಓಪನ್‌ಟೆಲಿಮೆಟ್ರಿ 2019ರಲ್ಲಿ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಸೇರಿ ಆದದ್ದು. ಅದು ತಳ್ಳುವ ಜಾತಿ. ಆ್ಯಪ್ ತನ್ನ ಅಂಕಿಗಳನ್ನು ಓಟಿಎಲ್‌ಪಿ ಅನ್ನುವ ಪ್ರೋಟೋಕಾಲ್‌ನಲ್ಲಿ ಹೊರಗೆ ಕಳಿಸುತ್ತದೆ. ಮುಂದೆ ಬಂದ ತಲೆನೋವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಈ ಎರಡು ಸ್ವಭಾವಗಳ ನಡುವಿನ ವ್ಯತ್ಯಾಸ.

ಇವನ್ನು ಜೋಡಿಸಲು ಎರಡು ದಾರಿ ಇವೆ. ಕಲೆಕ್ಟರ್ ತಾನೇ ಒಂದು ಪೋರ್ಟ್ ತೆರೆದು, ಪ್ರೊಮಿಥಿಯಸ್ ಬಂದು ಎಳೆದುಕೊಳ್ಳಲಿ ಅಂತ ಕಾಯುವುದು ಒಂದು. ಇಲ್ಲವೇ ಕಲೆಕ್ಟರ್ ನೇರವಾಗಿ ಪ್ರೊಮಿಥಿಯಸ್‌ಗೆ ತಳ್ಳುವುದು. 2024ರ ನವೆಂಬರ್‌ನಲ್ಲಿ ಬಂದ ಪ್ರೊಮಿಥಿಯಸ್ 3.0ರಿಂದ ಎರಡನೆಯ ದಾರಿ ಚೆನ್ನಾಗಿ ನಡೆಯುತ್ತದೆ. ಓಟಿಎಲ್‌ಪಿಯನ್ನು ಅದೇ ನೇರವಾಗಿ ತೆಗೆದುಕೊಳ್ಳುತ್ತದೆ. ನಾನು ಅದನ್ನೇ ಹಿಡಿದೆ.

ಆದರೆ ಅದು ತಾನಾಗಿ ತೆರೆದಿರುವುದಿಲ್ಲ. ಓಟಿಎಲ್‌ಪಿ ರಿಸೀವರ್ ತೆರೆಯುವ ಫ್ಲ್ಯಾಗ್ ಅನ್ನು ಶುರುವಿನಲ್ಲೇ ಕೊಡಬೇಕು. ಕೊಡದಿದ್ದರೆ 404 ಬರುತ್ತದೆ. ಜೊತೆಗೆ ಯಾವ ಫ್ಲ್ಯಾಗ್ ಬೇಕು ಅಂತ ಉತ್ತರದಲ್ಲೇ ಬರೆದಿರುತ್ತದೆ, ಪುಣ್ಯ. ಡಾಕರ್ ಕಂಪೋಸ್‌ನಲ್ಲಿ ಇಲ್ಲೊಂದು ಸಣ್ಣ ಕೊಕ್ಕೆ ಇದೆ. ಕಮಾಂಡ್ ಅಂತ ಒಂದು ಸಾಲು ಬರೆದ ಕೂಡಲೇ ಇಮೇಜ್‌ನ ಒಳಗಿದ್ದ ಮೂಲ ಆರ್ಗ್ಯುಮೆಂಟ್‌ಗಳೆಲ್ಲ ಹೋಗಿಬಿಡುತ್ತವೆ. ಕಾನ್ಫಿಗ್ ಫೈಲ್ ಎಲ್ಲಿದೆ, ಡೇಟಾ ಎಲ್ಲಿ ಇಡಬೇಕು ಅನ್ನುವುದು ಆ ಮೂಲದಲ್ಲೇ ಇರುತ್ತದೆ. ಹಾಗಾಗಿ ಹೊಸ ಫ್ಲ್ಯಾಗ್ ಒಂದನ್ನೇ ಬರೆದರೆ ಪ್ರೊಮಿಥಿಯಸ್ ಕಾನ್ಫಿಗ್ ಸಿಗಲಿಲ್ಲ ಅಂತ ನಿಂತುಹೋಗುತ್ತದೆ. ಮೂರನ್ನೂ ಬರೆಯಿರಿ.

ಪ್ರೊಮಿಥಿಯಸ್‌ನ ಕಾನ್ಫಿಗ್‌ನಲ್ಲಿ ಇನ್ನೊಂದು ಸಾಲು ಸೇರಿಸಿದೆ: ಔಟ್ ಆಫ್ ಆರ್ಡರ್ ವಿಂಡೋ 30 ನಿಮಿಷ. ತಳ್ಳುವ ದಾರಿಯಲ್ಲಿ ಅಂಕಿಗಳು ಹಿಂದುಮುಂದಾಗಿ ಬರಬಹುದು. ಕಲೆಕ್ಟರ್ ಒಮ್ಮೆ ಸೋತು ಮತ್ತೆ ಕಳಿಸಿದರೆ ಹಳೆಯದು ಹೊಸದರ ನಂತರ ಬರುತ್ತದೆ. ಈ ಸಾಲು ಇಲ್ಲದಿದ್ದರೆ ಪ್ರೊಮಿಥಿಯಸ್ ಅಂಥವನ್ನು ತೆಗೆದುಕೊಳ್ಳುವುದೇ ಇಲ್ಲ.

ಕಲೆಕ್ಟರ್

ಕಲೆಕ್ಟರ್‌ನಲ್ಲಿ ಎರಡು ಬಗೆಯ ಇಮೇಜ್ ಸಿಗುತ್ತವೆ, ಕೋರ್ ಮತ್ತು ಕಾಂಟ್ರಿಬ್. ನನಗೆ ಮುಂದೆ ಬೇಕಾಗಬಹುದಾದ ಪ್ರೊಸೆಸರ್‌ಗಳು ಕಾಂಟ್ರಿಬ್‌ನಲ್ಲಿದ್ದವು, ಅದನ್ನೇ ತೆಗೆದುಕೊಂಡೆ. ಎರಡರ ಕಾನ್ಫಿಗ್ ಫೋಲ್ಡರ್‌ನ ಹೆಸರೂ ಬೇರೆ ಬೇರೆ. ಕೋರ್‌ಗೆ ಬರೆದ ಉದಾಹರಣೆ ನೋಡಿಕೊಂಡು ಕಾಂಟ್ರಿಬ್ ಇಮೇಜ್‌ಗೆ ಫೈಲ್ ಮೌಂಟ್ ಮಾಡಿದರೆ ಏನೂ ದೂರದೆ ಎದ್ದು ಕೂರುತ್ತದೆ, ನಮ್ಮ ಫೈಲ್ ಓದಿರುವುದಿಲ್ಲ ಅಷ್ಟೇ. ತನ್ನೊಳಗಿರುವ ಮಾದರಿ ಕಾನ್ಫಿಗ್ ಹಿಡಿದು ಓಡುತ್ತಿರುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ: ಕಾನ್ಫಿಗ್‌ನಲ್ಲಿ ಬೇಕಂತಲೇ ಒಂದು ತಪ್ಪು ಅಕ್ಷರ ಹಾಕಿ ಎಬ್ಬಿಸಿ. ಕಲೆಕ್ಟರ್ ಕಿರುಚಿಕೊಂಡರೆ ಫೈಲ್ ಓದುತ್ತಿದೆ ಅಂತ ಅರ್ಥ.

ಕಾನ್ಫಿಗ್‌ನ ರಚನೆ ಸರಳ. ಮೇಲೆ ರಿಸೀವರ್, ಪ್ರೊಸೆಸರ್, ಎಕ್ಸ್‌ಪೋರ್ಟರ್ ಅಂತ ಒಂದೊಂದನ್ನೂ ವಿವರಿಸಬೇಕು. ಕೆಳಗೆ ಸರ್ವಿಸ್ ಅನ್ನುವ ಭಾಗದಲ್ಲಿ ಅವನ್ನು ಪೈಪ್‌ಲೈನ್ ಆಗಿ ಪೋಣಿಸಬೇಕು. ಮೇಲೆ ಎಷ್ಟೇ ಚೆನ್ನಾಗಿ ವಿವರಿಸಿದ್ದರೂ ಪೈಪ್‌ಲೈನ್‌ನಲ್ಲಿ ಹೆಸರು ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ನನ್ನದು ಎರಡು ಪೈಪ್‌ಲೈನ್: ಮೆಟ್ರಿಕ್ಸ್ ಪ್ರೊಮಿಥಿಯಸ್ ಕಡೆಗೆ, ಟ್ರೇಸ್ ಯೇಗರ್ ಕಡೆಗೆ. ಎರಡರಲ್ಲೂ ಮೊದಲ ಪ್ರೊಸೆಸರ್ ಮೆಮೊರಿ ಲಿಮಿಟರ್, ಕೊನೆಯದು ಬ್ಯಾಚ್. ಈ ಕ್ರಮ ಮುಖ್ಯ. ಮೆಮೊರಿ ತುಂಬುತ್ತಿದ್ದರೆ ಬಾಗಿಲಲ್ಲೇ ತಡೆಯಬೇಕು, ಒಳಗೆ ಬಿಟ್ಟುಕೊಂಡ ಮೇಲಲ್ಲ. ಈ ಪುಟ್ಟ ಸರ್ವರ್‌ಗೆ 200 ಎಂಬಿ ಮಿತಿ ಹಾಕಿದೆ.

ರಿಸೀವರ್ ವಿಷಯದಲ್ಲಿ ಒಂದು ಹಳೆಯ ಅಭ್ಯಾಸ ಬಿಡಬೇಕು. ಮೊದಲೆಲ್ಲ ಓಟಿಎಲ್‌ಪಿ ಅಂತ ಬರೆದರೆ ಸಾಕು, ಎಲ್ಲ ಕಡೆಯಿಂದ ಬರುವುದನ್ನೂ ಕೇಳಿಸಿಕೊಳ್ಳುತ್ತಿತ್ತು. 2024ರ ಮಧ್ಯದಲ್ಲಿ ಬಂದ 0.104 ಆವೃತ್ತಿಯಿಂದ ಅದು ಲೋಕಲ್‌ಹೋಸ್ಟ್ ಮಾತ್ರ ಕೇಳುತ್ತದೆ. ಸುರಕ್ಷತೆಗೆ ಒಳ್ಳೆಯದೇ. ಆದರೆ ಡಾಕರ್‌ನಲ್ಲಿ ಕಂಟೇನರ್‌ನ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರ್ ಒಳಗೆ ಮಾತ್ರ. ಪಕ್ಕದ ಆ್ಯಪ್ ಕಂಟೇನರ್‌ಗೆ ಕನೆಕ್ಷನ್ ಸಿಗುವುದಿಲ್ಲ. ಎಂಡ್‌ಪಾಯಿಂಟ್ ಜಾಗದಲ್ಲಿ 0.0.0.0:4317 ಅಂತ ಕೈಯಾರೆ ಬರೆಯಬೇಕು. 4317 ಜಿಆರ್‌ಪಿಸಿಗೆ, 4318 ಎಚ್‌ಟಿಟಿಪಿಗೆ. ಇವೆರಡನ್ನು ಅದಲು ಬದಲು ಮಾಡಿದರೆ ಬರುವ ಎರರ್‌ನಲ್ಲಿ "ನೀನು ತಪ್ಪು ಬಾಗಿಲಿಗೆ ಬಂದೆ" ಅಂತ ನೇರವಾಗಿ ಇರುವುದಿಲ್ಲ. ಕನೆಕ್ಷನ್ ಮುರಿಯಿತು ಅಂತಲೋ ಏನೋ ಇರುತ್ತದೆ. ಅಂಥ ಎರರ್ ಕಂಡರೆ ಮೊದಲು ಪೋರ್ಟ್ ಸಂಖ್ಯೆ ನೋಡಿ.

0.0.0.0 ಅಂತ ಬರೆದ ಮೇಲೆ ಇನ್ನೊಂದು ಎಚ್ಚರಿಕೆ ಬೇಕು. ಕಂಪೋಸ್ ಫೈಲ್‌ನಲ್ಲಿ ಈ ಪೋರ್ಟ್‌ಗಳನ್ನು ಹೊರಕ್ಕೆ ತೆರೆಯಬೇಡಿ. ಡಾಕರ್ ತನ್ನ ಐಪಿಟೇಬಲ್ಸ್ ನಿಯಮಗಳನ್ನು ತಾನೇ ಬರೆದುಕೊಳ್ಳುತ್ತದೆ, ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದರೂ ಅದನ್ನು ದಾಟಿ ಪೋರ್ಟ್ ಹೊರಗೆ ಕಾಣುತ್ತದೆ. ಆ್ಯಪ್, ಕಲೆಕ್ಟರ್, ಪ್ರೊಮಿಥಿಯಸ್ ಎಲ್ಲ ಒಂದೇ ಡಾಕರ್ ನೆಟ್‌ವರ್ಕ್‌ನಲ್ಲಿ ಇದ್ದರೆ ಹೊರಗೆ ತೆರೆಯುವ ಅಗತ್ಯವೇ ಇಲ್ಲ. ಗ್ರಫಾನಾ ಒಂದನ್ನು ಮಾತ್ರ 127.0.0.1ಗೆ ಕಟ್ಟಿ, ಎಸ್‌ಎಸ್‌ಎಚ್ ಸುರಂಗದ ಮೂಲಕ ನೋಡುತ್ತೇನೆ.

ಎಕ್ಸ್‌ಪೋರ್ಟರ್ ಆಗಿ ಓಟಿಎಲ್‌ಪಿಯ ಎಚ್‌ಟಿಟಿಪಿ ರೂಪ. ವಿಳಾಸ ಪ್ರೊಮಿಥಿಯಸ್‌ನ 9090 ಪೋರ್ಟ್, ಅದರ ಮುಂದೆ ಎಪಿಐ, ವಿ1, ಓಟಿಎಲ್‌ಪಿ. ಅಷ್ಟಕ್ಕೇ ನಿಲ್ಲಿಸಬೇಕು. ಕೊನೆಯಲ್ಲಿ ಬರಬೇಕಾದ ವಿ1, ಮೆಟ್ರಿಕ್ಸ್ ಅನ್ನುವ ತುಂಡನ್ನು ಎಕ್ಸ್‌ಪೋರ್ಟರ್ ತಾನೇ ಅಂಟಿಸುತ್ತದೆ. ನಾವೂ ಬರೆದರೆ ಎರಡೆರಡು ಸಲ ಆಗಿ ಮತ್ತೆ 404. ಈ 404 ಬಗ್ಗೆ ಗೊತ್ತಿರಬೇಕಾದದ್ದೇನೆಂದರೆ, ಕಲೆಕ್ಟರ್ ಇದನ್ನು ಶಾಶ್ವತ ಎರರ್ ಅಂತ ಪರಿಗಣಿಸಿ ಆ ಬ್ಯಾಚ್ ಅನ್ನು ಬಿಸಾಡುತ್ತದೆ. ಮತ್ತೆ ಪ್ರಯತ್ನ ಮಾಡುವುದು 429, 502, 503, 504 ಥರದವಕ್ಕೆ ಮಾತ್ರ. ಅವಕ್ಕೂ ಡೀಫಾಲ್ಟ್ ಆಗಿ 5 ನಿಮಿಷದ ಗಡುವು ಇದೆ.

ಎಣಿಕೆ ಕೇಳುವುದು

ಕಲೆಕ್ಟರ್‌ನ ನಿಜವಾದ ಉಪಕಾರ ಅಂದರೆ ಅದು ತನ್ನ ಬಗ್ಗೆಯೂ ಅಂಕಿ ಇಡುತ್ತದೆ. 8888 ಪೋರ್ಟ್‌ನಲ್ಲಿ ಸಿಗುತ್ತದೆ. ಅದರಲ್ಲಿ ನನಗೆ ಬೇಕಾದದ್ದು ನಾಲ್ಕೇ. ರಿಸೀವರ್ ಒಪ್ಪಿಕೊಂಡ ಮೆಟ್ರಿಕ್ ಪಾಯಿಂಟ್‌ಗಳು, ರಿಸೀವರ್ ತಿರಸ್ಕರಿಸಿದವು, ಎಕ್ಸ್‌ಪೋರ್ಟರ್ ಕಳಿಸಿದವು, ಎಕ್ಸ್‌ಪೋರ್ಟರ್ ಕಳಿಸಲಾಗದೆ ಸೋತವು. ಒಪ್ಪಿದ್ದು ಸೊನ್ನೆ ಇದ್ದರೆ ತೊಂದರೆ ಆ್ಯಪ್ ಕಡೆ. ಒಪ್ಪಿದ್ದು ಏರುತ್ತಿದ್ದು ಸೋತದ್ದೂ ಏರುತ್ತಿದ್ದರೆ ತೊಂದರೆ ಪ್ರೊಮಿಥಿಯಸ್ ಕಡೆ. ಒಪ್ಪಿದ್ದು, ಕಳಿಸಿದ್ದು ಸಮ ಇದ್ದೂ ಗ್ರಫಾನಾದಲ್ಲಿ ಏನೂ ಕಾಣದಿದ್ದರೆ ಹುಡುಕುತ್ತಿರುವ ಹೆಸರೋ ಕ್ವೆರಿಯೋ ತಪ್ಪು. ಕಾನ್ಫಿಗ್ ಮುಟ್ಟುವ ಮುಂಚೆ ಈ ನಾಲ್ಕು ಸಂಖ್ಯೆ ನೋಡುವುದನ್ನು ಅಭ್ಯಾಸ ಮಾಡಿಕೊಂಡರೆ ಅಂದಾಜಿನಲ್ಲಿ ತಡಕಾಡುವುದು ನಿಲ್ಲುತ್ತದೆ.

ಈ 8888 ಕೂಡ ಈಗ ಲೋಕಲ್‌ಹೋಸ್ಟ್‌ಗೆ ಸೀಮಿತ. ಪ್ರೊಮಿಥಿಯಸ್ ಬಂದು ಎಳೆಯಬೇಕೆಂದರೆ ಸರ್ವಿಸ್ ಭಾಗದ ಟೆಲಿಮೆಟ್ರಿ ಕೆಳಗೆ ರೀಡರ್ಸ್ ಅಂತ ಬರೆದು ಹೋಸ್ಟ್ ಬದಲಿಸಬೇಕು. ಅಡ್ರೆಸ್ ಅಂತ ಒಂದೇ ಸಾಲು ಬರೆಯುವ ಹಳೆಯ ಉದಾಹರಣೆಗಳು ಇನ್ನೂ ಎಲ್ಲೆಡೆ ಸಿಗುತ್ತವೆ, ಹೊಸ ಆವೃತ್ತಿಯಲ್ಲಿ ಅವು ನಡೆಯುವುದಿಲ್ಲ.

ಆ್ಯಪ್ ಮುಟ್ಟುವ ಮುಂಚೆ ಟೆಲಿಮೆಟ್ರಿಜೆನ್ ಅನ್ನುವ ಸಣ್ಣ ಕಂಟೇನರ್ ಒಂದನ್ನು ಓಡಿಸಿದೆ. ಕಲೆಕ್ಟರ್ ಕಾಂಟ್ರಿಬ್ ಜೊತೆಗೇ ಬರುವ ಸಲಕರಣೆ, ಸುಳ್ಳು ಮೆಟ್ರಿಕ್‌ಗಳನ್ನು ಕಳಿಸುವುದೇ ಅದರ ಕೆಲಸ. ಒಪ್ಪಿದ್ದು ಏರಿತು, ಕಳಿಸಿದ್ದು ಏರಿತು, ಪ್ರೊಮಿಥಿಯಸ್‌ನಲ್ಲಿ ಹುಡುಕಿದರೆ ಸಿಕ್ಕಿತು. ಹಿಂದಿನ ಅರ್ಧ ಮುಗಿಯಿತು.

ಆ್ಯಪ್ ಸೇರಿದಾಗ

ಪೈಥಾನ್‌ಗೆ ಸುಲಭದ ದಾರಿ ಇದೆ. ಓಪನ್‌ಟೆಲಿಮೆಟ್ರಿ ಡಿಸ್ಟ್ರೋ ಹಾಕಿ, ಬೂಟ್‌ಸ್ಟ್ರ್ಯಾಪ್ ಕಮಾಂಡ್ ಓಡಿಸಿದರೆ ಫ್ಲಾಸ್ಕ್‌ಗೂ ಪೋಸ್ಟ್‌ಗ್ರೆಸ್ ಡ್ರೈವರ್‌ಗೂ ಬೇಕಾದ ತುಂಡುಗಳನ್ನು ತಾನೇ ಹುಡುಕಿ ಹಾಕುತ್ತದೆ. ಗನಿಕಾರ್ನ್ ಎಬ್ಬಿಸುವ ಕಮಾಂಡಿನ ಮುಂದೆ ಒಂದು ಪದ ಸೇರಿಸಿದರೆ ಆಯಿತು. ಕೋಡ್ ಮುಟ್ಟುವುದೇ ಬೇಡ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಸರ್ವಿಸ್ ಹೆಸರು ಬಿಲ್ಲಿಂಗ್ ಅಂತ, ಎಂಡ್‌ಪಾಯಿಂಟ್ ಕಲೆಕ್ಟರ್‌ನ 4317 ಅಂತ ಕೊಟ್ಟೆ. ಸರ್ವಿಸ್ ಹೆಸರು ಮರೆಯದೆ ಕೊಡಿ, ಇಲ್ಲದಿದ್ದರೆ ಅನ್‌ನೋನ್ ಸರ್ವಿಸ್ ಅಂತ ಬಂದು ಕೂರುತ್ತದೆ. ಪ್ರೊಮಿಥಿಯಸ್‌ನಲ್ಲಿ ಇದೇ ಜಾಬ್ ಅನ್ನುವ ಲೇಬಲ್ ಆಗುತ್ತದೆ. ಉಳಿದ ರಿಸೋರ್ಸ್ ಗುಣಗಳು ಟಾರ್ಗೆಟ್ ಇನ್ಫೋ ಅನ್ನುವ ಬೇರೆಯೇ ಸೀರೀಸ್‌ಗೆ (ಒಂದೇ ಹೆಸರು, ಒಂದೇ ಲೇಬಲ್‌ಗಳ ಅಂಕಿಗಳ ಸಾಲಿಗೆ) ಹೋಗುತ್ತವೆ. ಅವು ಎಲ್ಲ ಸೀರೀಸ್ ಮೇಲೂ ಲೇಬಲ್ ಆಗಿ ಬೇಕಿದ್ದರೆ ಪ್ರೊಮಿಥಿಯಸ್ ಕಾನ್ಫಿಗ್‌ನ ಓಟಿಎಲ್‌ಪಿ ಭಾಗದಲ್ಲಿ ಪ್ರಮೋಟ್ ಪಟ್ಟಿಗೆ ಸೇರಿಸಬೇಕು. ನಾನು ಎನ್ವಿರಾನ್‌ಮೆಂಟ್ ಹೆಸರೊಂದನ್ನೇ ಸೇರಿಸಿದೆ.

ನಾಲ್ಕು ಸಂಖ್ಯೆಗಳೂ ಸರಿ. ಆದರೆ ಇಳಿಸಿಕೊಂಡ ಗ್ರಫಾನಾ ಡ್ಯಾಶ್‌ಬೋರ್ಡ್ ಪೂರ್ತಿ ಖಾಲಿ. ಡ್ಯಾಶ್‌ಬೋರ್ಡ್ ಹುಡುಕುತ್ತಿದ್ದುದು ಸೆಕೆಂಡ್‌ನಲ್ಲಿರುವ ರಿಕ್ವೆಸ್ಟ್ ಡ್ಯೂರೇಶನ್. ಆ್ಯಪ್ ಕಳಿಸುತ್ತಿದ್ದುದು ಮಿಲಿಸೆಕೆಂಡ್‌ನಲ್ಲಿರುವ ಡ್ಯೂರೇಶನ್. ಎಚ್‌ಟಿಟಿಪಿ ಮೆಟ್ರಿಕ್‌ಗಳ ಹೆಸರಿನ ನಿಯಮ 2023ರ ನವೆಂಬರ್‌ನಲ್ಲಿ ಸ್ಥಿರ ಅಂತ ಘೋಷಣೆಯಾಯಿತು. ಹೆಸರೂ ಬದಲು, ಅಳತೆಯೂ ಬದಲು. ಪೈಥಾನ್‌ನ ಫ್ಲಾಸ್ಕ್ ತುಂಡು ಹಳೆಯವರಿಗೆ ತೊಂದರೆ ಆಗಬಾರದು ಅಂತ ಹಳೆಯ ಹೆಸರನ್ನೇ ಇಟ್ಟುಕೊಂಡಿದೆ. ಹೊಸದು ಬೇಕಾದರೆ ಸೆಮ್‌ಕಾನ್ವ್ ಸ್ಟೆಬಿಲಿಟಿ ಆಪ್ಟ್ ಇನ್ ಅನ್ನುವ ವೇರಿಯಬಲ್‌ಗೆ ಎಚ್‌ಟಿಟಿಪಿ ಅಂತ ಕೊಡಬೇಕು. ಕೊಟ್ಟೆ. ಪ್ರತಿ ರೂಟ್‌ನ (ಆ್ಯಪ್‌ನ ಒಂದೊಂದು ವಿಳಾಸದ ದಾರಿಯ) ಹೆಸರೂ ಲೇಬಲ್ ಆಗಿ ಬರತೊಡಗಿತು.

ಆದರೂ ರೇಟ್ ತೋರಿಸುವ ಪ್ಯಾನಲ್‌ಗಳು ಖಾಲಿ. ಕಚ್ಚಾ ಕೌಂಟರ್ ಇದೆ, ರೇಟ್ ಇಲ್ಲ. ಕಾರಣ ತಮಾಷೆಯಾಗಿದೆ. ಆ್ಯಪ್ ಒಳಗೆ ಕೂರುವ ಓಪನ್‌ಟೆಲಿಮೆಟ್ರಿ ಲೈಬ್ರರಿ, ಅಂದರೆ ಎಸ್‌ಡಿಕೆ, ಡೀಫಾಲ್ಟ್ ಆಗಿ 60 ಸೆಕೆಂಡಿಗೊಮ್ಮೆ ಮೆಟ್ರಿಕ್ ಕಳಿಸುತ್ತದೆ. ಗ್ರಫಾನಾ ಮಾತ್ರ ಪ್ರೊಮಿಥಿಯಸ್ 15 ಸೆಕೆಂಡಿಗೊಮ್ಮೆ ಅಂಕಿ ಪಡೆಯುತ್ತದೆ ಅಂತ ಅಂದುಕೊಂಡಿರುತ್ತದೆ. ಅದರ ನಾಲ್ಕು ಪಟ್ಟು, ಅಂದರೆ 1 ನಿಮಿಷದ ಕಿಟಕಿಯನ್ನು ರೇಟ್ ಲೆಕ್ಕಕ್ಕೆ ಇಡುತ್ತದೆ. ಆ ಕಿಟಕಿಯಲ್ಲಿ ಸಿಗುವುದು ಒಂದೇ ಒಂದು ಬಿಂದು. ರೇಟ್‌ಗೆ ಕನಿಷ್ಠ ಎರಡು ಬೇಕು, ಅಲ್ವಾ? ಗ್ರಫಾನಾದ ಡೇಟಾ ಸೋರ್ಸ್ ಸೆಟ್ಟಿಂಗ್‌ನಲ್ಲಿ ಸ್ಕ್ರೇಪ್ ಇಂಟರ್ವಲ್ ಅನ್ನು 60 ಸೆಕೆಂಡ್ ಮಾಡಬಹುದು, ಇಲ್ಲವೇ ಆ್ಯಪ್‌ನ ಎಕ್ಸ್‌ಪೋರ್ಟ್ ಇಂಟರ್ವಲ್ ಅನ್ನು 15000 ಮಿಲಿಸೆಕೆಂಡಿಗೆ ಇಳಿಸಬಹುದು. ಸಣ್ಣ ಅಂಗಡಿ, ಸಣ್ಣ ಡೇಟಾ. ನಾನು ಎರಡನೆಯದನ್ನು ಮಾಡಿದೆ. ಗೆರೆಗಳು ಬಂದವು.

ನಾಲ್ಕು ವರ್ಕರ್, ಒಂದೇ ಹೆಸರು

ಬಂದ ಗೆರೆಗಳನ್ನು ನಂಬಿದ್ದರೆ ಗೆಳೆಯ ತುಮಕೂರಿನ ಪ್ರತಿ ಮನೆಗೂ ಮೊಳೆ ಮಾರುತ್ತಿದ್ದಾನೆ ಅನ್ನಬೇಕಿತ್ತು. ನಿಮಿಷಕ್ಕೆ ಸಾವಿರಕ್ಕೂ ಮೀರಿ ರಿಕ್ವೆಸ್ಟ್. ಕಚ್ಚಾ ಕೌಂಟರ್ ತೆಗೆದು ನೋಡಿದರೆ ಗೆರೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಕೌಂಟರ್ ಕೆಳಗೆ ಬರುವುದು ರೀಸ್ಟಾರ್ಟ್ ಆದಾಗ ಮಾತ್ರ. ಇಲ್ಲಿ ಯಾವುದೂ ರೀಸ್ಟಾರ್ಟ್ ಆಗಿರಲಿಲ್ಲ.

ಗನಿಕಾರ್ನ್ ಒಂದು ತಾಯಿ ಪ್ರಾಸೆಸ್ ಎಬ್ಬಿಸಿ, ಅದರಿಂದ ನಾಲ್ಕು ವರ್ಕರ್‌ಗಳನ್ನು ಫೋರ್ಕ್ ಮಾಡುತ್ತದೆ, ಅಂದರೆ ತಾಯಿಯ ನಕಲುಗಳಾಗಿ ಎಬ್ಬಿಸುತ್ತದೆ. ಓಪನ್‌ಟೆಲಿಮೆಟ್ರಿ ತಾಯಿಯಲ್ಲೇ ಶುರುವಾಗಿರುತ್ತದೆ. ನಾಲ್ವರು ವರ್ಕರ್‌ಗಳಿಗೂ ಬೇರೆ ಬೇರೆ ಎಣಿಕೆ, ಆದರೆ ಹೊರಗೆ ಹೇಳಿಕೊಳ್ಳುವ ಗುರುತು ಒಂದೇ. ಪ್ರೊಮಿಥಿಯಸ್ ಕಣ್ಣಿಗೆ ಅದು ಒಂದೇ ಸೀರೀಸ್. ಒಬ್ಬ 1210 ಅಂತಾನೆ, ಇನ್ನೊಬ್ಬ 388, ಮತ್ತೊಬ್ಬ 905, ನಾಲ್ಕನೆಯವನು 401. ರೇಟ್ ಲೆಕ್ಕ ಹಾಕುವಾಗ ಪ್ರತಿ ಇಳಿಕೆಯೂ ರೀಸೆಟ್ ಅಂತ ಭಾವಿಸಿ ಸೊನ್ನೆಯಿಂದ ಎಣಿಸುತ್ತದೆ. 388, ಅದಕ್ಕೆ 517, ಅದಕ್ಕೆ 401. ಒಟ್ಟು 1306 ರಿಕ್ವೆಸ್ಟ್ ಆಯಿತು ಅನ್ನುತ್ತದೆ. ನಿಜದಲ್ಲಿ ಅಷ್ಟು ಹೊತ್ತಿನಲ್ಲಿ ನಾಲ್ಕಾರು ಬಿಲ್ ಆಗಿದ್ದರೆ ಹೆಚ್ಚು.

ಪರಿಹಾರ ಗನಿಕಾರ್ನ್‌ನ ಪೋಸ್ಟ್ ಫೋರ್ಕ್ ಹುಕ್‌ನಲ್ಲಿದೆ. ಫೋರ್ಕ್ ಆದ ಮೇಲೆ, ಪ್ರತಿ ವರ್ಕರ್ ಒಳಗೆ ಎಸ್‌ಡಿಕೆಯನ್ನು ಶುರು ಮಾಡಬೇಕು, ಒಬ್ಬೊಬ್ಬರಿಗೂ ಬೇರೆ ಸರ್ವಿಸ್ ಇನ್‌ಸ್ಟೆನ್ಸ್ ಐಡಿ ಕೊಡಬೇಕು. ಪ್ರೊಮಿಥಿಯಸ್‌ನಲ್ಲಿ ಅದು ಇನ್‌ಸ್ಟೆನ್ಸ್ ಲೇಬಲ್ ಆಗುತ್ತದೆ. ಜಿಆರ್‌ಪಿಸಿಗೂ ಫೋರ್ಕ್‌ಗೂ ಅಷ್ಟಾಗಿ ಹೊಂದಿಕೆ ಇಲ್ಲ, ಆ ಕಾರಣಕ್ಕೂ ಇದೇ ಸರಿ. ಹೀಗೆ ಮಾಡಿದ ಮೇಲೆ ಕೋಡ್ ಮುಟ್ಟದ ಸುಲಭ ದಾರಿಯನ್ನು ಬಿಡಬೇಕಾಯಿತು. ಹೋಗಲಿ, ಇಪ್ಪತ್ತು ಮೂವತ್ತು ಸಾಲಿನ ಕೋಡ್ ಅಷ್ಟೇ.

ಇದಕ್ಕೂ ಒಂದು ಬೆಲೆ ಇದೆ. ಗನಿಕಾರ್ನ್‌ನಲ್ಲಿ ಇಂತಿಷ್ಟು ರಿಕ್ವೆಸ್ಟ್ ಆದ ಮೇಲೆ ವರ್ಕರ್ ಬದಲಿಸು ಅಂತ ಸೆಟ್ಟಿಂಗ್ ಇದ್ದರೆ, ಬದಲಾದಾಗಲೆಲ್ಲ ಹೊಸ ಐಡಿ, ಹೊಸ ಸೀರೀಸ್‌ಗಳ ಗುಂಪು. ಆ ಮಿತಿಯನ್ನು ತುಂಬ ಮೇಲಕ್ಕೆ ಏರಿಸಿದೆ.

4.75 ಸೆಕೆಂಡ್

ಈಗ ಎಣಿಕೆ ಸರಿ. ಬಿಲ್ ಮಾಡುವ ರೂಟ್‌ನ ಪಿ95 ನೋಡಿದೆ, ಅಂದರೆ ನೂರರಲ್ಲಿ 95 ರಿಕ್ವೆಸ್ಟ್ ಎಷ್ಟು ಹೊತ್ತಿನೊಳಗೆ ಮುಗಿಯುತ್ತವೆ ಅನ್ನುವುದು. 4.75 ಸೆಕೆಂಡ್. ಸಂಜೆ ಮಾತ್ರ ಅಲ್ಲ, ಬೆಳಗ್ಗೆಯೂ 4.75. ಅಂಗಡಿಯಲ್ಲಿ ಒಬ್ಬನೇ ಗಿರಾಕಿ ಇದ್ದಾಗಲೂ 4.75. ಪಿ50 ಕೇಳಿದರೆ 2.5. ಪಿ99 ಕೇಳಿದರೆ 4.95. ಸ್ಕೇಲ್ ಇಟ್ಟು ಎಳೆದಂತೆ ಮೂರು ಅಡ್ಡ ಗೆರೆ.

ಸಂಖ್ಯೆಗಳನ್ನು ಒಮ್ಮೆ ದಿಟ್ಟಿಸಿ ನೋಡಿ. 5ರ ಅರ್ಧ 2.5. 5ರ 95 ಭಾಗ 4.75. 5ರ 99 ಭಾಗ 4.95. ಇವು ಅಳತೆ ಅಲ್ಲ, ಬರೀ ಭಾಗಾಕಾರ!

ಈ ಅಂಕಿ ಬರುವುದು ಹಿಸ್ಟೋಗ್ರಾಂ ಅನ್ನುವ ಬಗೆಯ ಮೆಟ್ರಿಕ್‌ನಿಂದ, ಅದು ನಿಖರ ಸಮಯ ಇಟ್ಟುಕೊಳ್ಳುವುದಿಲ್ಲ. ಯಾವ ಬಕೆಟ್‌ಗೆ ಬಿತ್ತು ಅನ್ನುವುದನ್ನಷ್ಟೇ ಎಣಿಸುತ್ತದೆ. ಎಸ್‌ಡಿಕೆಯ ಡೀಫಾಲ್ಟ್ ಬಕೆಟ್ ಗಡಿಗಳು 0, 5, 10, 25, 50 ಹೀಗೆ 10000ದವರೆಗೆ ಹೋಗುತ್ತವೆ. ಮಿಲಿಸೆಕೆಂಡ್‌ಗೆ ಸರಿಯಾದ ಗಡಿಗಳು. ಹೊಸ ಹೆಸರಿಗೆ ಬಂದ ಕೂಡಲೇ ಅಳತೆ ಸೆಕೆಂಡ್ ಆಯಿತು, ಗಡಿಗಳು ಹಾಗೇ ಉಳಿದವು. ಅರ್ಧ ಸೆಕೆಂಡೂ ತೆಗೆದುಕೊಳ್ಳದ ಬಿಲ್ಲುಗಳೆಲ್ಲ 0ಯಿಂದ 5ರ ಒಂದೇ ಬಕೆಟ್‌ಗೆ ಬಿದ್ದವು. ಆ ಬಕೆಟ್ ಒಳಗೆ ಎಲ್ಲಿದೆ ಅಂತ ಪ್ರೊಮಿಥಿಯಸ್‌ಗೆ ಗೊತ್ತಿಲ್ಲ. ಸಮನಾಗಿ ಹರಡಿದೆ ಅಂತ ಊಹಿಸಿ ಭಾಗ ಮಾಡಿ ಕೊಡುತ್ತದೆ. ಹೊಸ ಎಸ್‌ಡಿಕೆಗಳು ಮೆಟ್ರಿಕ್ ಜೊತೆ ಬರುವ ಗಡಿಗಳ ಸಲಹೆಯನ್ನು ಕೇಳುತ್ತವೆ. ಈ ಆ್ಯಪ್‌ನಲ್ಲಿದ್ದುದು ಸ್ವಲ್ಪ ಹಳೆಯದು.

ಪೋಸ್ಟ್ ಫೋರ್ಕ್ ಹುಕ್ ಹೇಗೂ ಕೈಯಲ್ಲಿತ್ತು. ಅದರಲ್ಲೇ ಒಂದು ವ್ಯೂ (ಮೆಟ್ರಿಕ್‌ನ ಗಡಿಗಳನ್ನು ಬದಲಿಸುವ ಎಸ್‌ಡಿಕೆ ನಿಯಮ) ಬರೆದು ಗಡಿಗಳನ್ನು ಕೊಟ್ಟೆ: 0.005, 0.01, 0.025, 0.05, 0.075, 0.1, 0.25, 0.5, 0.75, 1, 2.5, 5, 7.5, 10. ನಿಯಮದ ಪುಸ್ತಕದಲ್ಲಿ ಹೇಳಿರುವುದು ಇಷ್ಟು. ನಾನು 20 ಮತ್ತು 30 ಸೇರಿಸಿದೆ, ಯಾಕೆಂದರೆ ಗನಿಕಾರ್ನ್‌ನ ಡೀಫಾಲ್ಟ್ ಟೈಮ್‌ಔಟ್ 30 ಸೆಕೆಂಡ್, ಅದರ ಹತ್ತಿರ ಹೋಗುವುದು ಏನಾದರೂ ಇದ್ದರೆ ಕಾಣಲಿ ಅಂತ. ಬಿಲ್ ರೂಟ್‌ನ ಪಿ95 ಈಗ 0.25 ಸೆಕೆಂಡಿಗಿಂತ ಕೆಳಗೆ ಬಂತು.

ಗಡಿ ಜಾಸ್ತಿ ಆದರೆ ಡಿಸ್ಕ್ ತುಂಬುತ್ತಾ ಅಂತ ಲೆಕ್ಕ ಹಾಕಿದೆ. 16 ಗಡಿ, ಕೊನೆಗೆ ಅನಂತದ ಬಕೆಟ್ ಒಂದು, ಮೊತ್ತ ಒಂದು, ಎಣಿಕೆ ಒಂದು, ಒಟ್ಟು 19 ಸೀರೀಸ್. 20 ರೂಟ್, 4 ವರ್ಕರ್ ಅಂದರೆ 1520. 15 ಸೆಕೆಂಡಿಗೊಮ್ಮೆ ಅಂದರೆ ದಿನಕ್ಕೆ ಒಂದೊಂದಕ್ಕೂ 5760 ಬಿಂದು. ಒಟ್ಟು ಸುಮಾರು 87 ಲಕ್ಷ. ಪ್ರೊಮಿಥಿಯಸ್ ಒಂದು ಬಿಂದುವಿಗೆ ಒಂದರಿಂದ ಎರಡು ಬೈಟ್ ತೆಗೆದುಕೊಳ್ಳುತ್ತದೆ. ಎರಡೇ ಅಂದುಕೊಂಡರೂ ದಿನಕ್ಕೆ 18 ಎಂಬಿ ಒಳಗೆ. ಡೀಫಾಲ್ಟ್ ಆಗಿ ಇಟ್ಟುಕೊಳ್ಳುವ 15 ದಿನಕ್ಕೆ 270 ಎಂಬಿ ದಾಟುವುದಿಲ್ಲ. ಸ್ಟೇಟಸ್ ಕೋಡ್, ಮೆಥಡ್ ಲೇಬಲ್‌ಗಳಿಂದ ಇನ್ನಷ್ಟು ಹೆಚ್ಚಾದರೂ ಚಿಂತೆ ಇಲ್ಲ.

ಹಾಗಾದರೆ ನಿಧಾನ ಎಲ್ಲಿ?

ಬಿಲ್ ರೂಟ್ ಕಾಲು ಸೆಕೆಂಡಿನೊಳಗೆ ಮುಗಿಯುತ್ತಿದೆ. ಸಂಜೆಯೂ ಅಷ್ಟೇ. ಆದರೂ ಕೌಂಟರ್‌ನಲ್ಲಿ ತಿರುಗುತ್ತಿದೆ. ಎಂಜಿನ್‌ಎಕ್ಸ್ ಲಾಗ್‌ಗೆ ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ ಸೇರಿಸಿ ನೋಡಿದೆ. ಅದೇ ಬಿಲ್‌ಗೆ ಎಂಜಿನ್‌ಎಕ್ಸ್ 18 ಸೆಕೆಂಡ್ ಅನ್ನುತ್ತದೆ, ಆ್ಯಪ್ 0.2 ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬ್ಯಾಂಕಿನಲ್ಲಿ ಕ್ಯಾಷಿಯರ್ ನಮ್ಮ ಚೀಟಿ ಕೈಗೆ ತೆಗೆದುಕೊಂಡ ಮೇಲಿನ ಹೊತ್ತನ್ನಷ್ಟೇ ಅಳೆದರೆ, ಕ್ಯೂನಲ್ಲಿ ನಿಂತ ಹೊತ್ತು ಯಾವ ಲೆಕ್ಕಕ್ಕೂ ಬರುವುದಿಲ್ಲ. ಫ್ಲಾಸ್ಕ್‌ನ ಮೆಟ್ರಿಕ್ ಶುರುವಾಗುವುದೂ ವರ್ಕರ್ ಕೈಗೆ ರಿಕ್ವೆಸ್ಟ್ ಬಂದ ಮೇಲೆ. ಅದಕ್ಕೂ ಮುಂಚೆ ಗನಿಕಾರ್ನ್‌ನ ಸಾಕೆಟ್ ಹಿಂದೆ ಕಾದದ್ದು ಟ್ರೇಸ್‌ನಲ್ಲೂ ಇಲ್ಲ, ಹಿಸ್ಟೋಗ್ರಾಂನಲ್ಲೂ ಇಲ್ಲ.

ಉತ್ತರ ಸಿಕ್ಕಿದ್ದು ಯಾರೂ ಅಷ್ಟಾಗಿ ನೋಡದ ಮೆಟ್ರಿಕ್‌ನಲ್ಲಿ. ಆ್ಯಕ್ಟಿವ್ ರಿಕ್ವೆಸ್ಟ್ಸ್, ಅಂದರೆ ಈ ಕ್ಷಣ ಎಷ್ಟು ರಿಕ್ವೆಸ್ಟ್ ನಡೆಯುತ್ತಿವೆ ಅನ್ನುವುದು. ನಾಲ್ಕು ವರ್ಕರ್‌ಗಳದ್ದನ್ನು ಕೂಡಿಸಿ ಗ್ರಾಫ್ ಹಾಕಿದೆ. ಹಗಲೆಲ್ಲ 0, 1, ಅಪರೂಪಕ್ಕೆ 2. ಸಂಜೆ ಆರೂವರೆ ಹೊತ್ತಿಗೆ 4ಕ್ಕೆ ಏರಿ ಅಲ್ಲೇ ಚಪ್ಪಟೆಯಾಗಿ ನಿಂತಿದೆ. ಸಿಂಕ್ ವರ್ಕರ್ ಒಂದು ಹೊತ್ತಿಗೆ ಒಂದೇ ರಿಕ್ವೆಸ್ಟ್ ನೋಡುವುದು. 4 ಅಂದರೆ ಎಲ್ಲರ ಕೈಯೂ ತುಂಬಿದೆ.

ಯಾವುದರಿಂದ ತುಂಬಿದೆ ಅನ್ನುವುದಕ್ಕೆ ಯೇಗರ್ ತೆರೆದು, 10 ಸೆಕೆಂಡಿಗಿಂತ ಉದ್ದದ ಟ್ರೇಸ್ ಮಾತ್ರ ಕೇಳಿದೆ. ಎಲ್ಲವೂ ಜಿಎಸ್‌ಟಿ ವರದಿಯ ರೂಟ್. ಒಂದೊಂದೂ ಇಪ್ಪತ್ತು ಸೆಕೆಂಡಿನ ಮೇಲೆ. ಒಂದರ ಹಿಂದೆ ಒಂದು, ಕೆಲವೇ ಸೆಕೆಂಡ್ ಅಂತರದಲ್ಲಿ ಶುರುವಾದವು. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್ ಅನ್ನು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮುಂದಿನ ತಿಂಗಳ 11 ಕೊನೇ ದಿನ. ಲೆಕ್ಕ ಬರೆಯುವವರು ಸಂಜೆ ಬಿಡುವಾದಾಗ ಬಂದು ವರದಿ ತೆಗೆಯುತ್ತಾರೆ. ಬಟನ್ ಒತ್ತುತ್ತಾರೆ, ಏನೂ ಬರುವುದಿಲ್ಲ, ಮತ್ತೆ ಒತ್ತುತ್ತಾರೆ. ಬ್ರೌಸರ್ ಹಳೆಯ ರಿಕ್ವೆಸ್ಟ್ ಕೈಬಿಟ್ಟರೂ ವರ್ಕರ್ ಅದನ್ನು ಮುಗಿಸಿಯೇ ಬಿಡುವುದು. ನಾಲ್ಕು ಸಲ ಒತ್ತಿದರೆ ನಾಲ್ಕೂ ವರ್ಕರ್ ವರದಿಯಲ್ಲಿ ಮುಳುಗಿರುತ್ತಾರೆ, ಮೊಳೆ ಕೊಂಡವನ ಬಿಲ್ ಹೊರಗೆ ಕಾಯುತ್ತಿರುತ್ತದೆ. ತಿಂಗಳ ಮೊದಲ ಹತ್ತು ದಿನ, ಸಂಜೆ ಹೊತ್ತು. ದೂರು ಅಕ್ಷರಶಃ ಸರಿಯಾಗಿತ್ತು.

ವರದಿಗೆ ಒಂದೇ ವರ್ಕರ್ ಇರುವ ಬೇರೆ ಗನಿಕಾರ್ನ್ ಎಬ್ಬಿಸಿ, ಎಂಜಿನ್‌ಎಕ್ಸ್‌ನಲ್ಲಿ ಆ ದಾರಿಯನ್ನು ಅತ್ತ ತಿರುಗಿಸಿದೆ. ಒಂದು ವರದಿ ತಯಾರಾಗುತ್ತಿರುವಾಗ ಬಟನ್ ಮತ್ತೆ ಒತ್ತಲು ಬರದಂತೆ ಮಾಡಿದೆ. ವರದಿಯ ಕ್ವೆರಿ ಇನ್ನೂ ನಿಧಾನವೇ. ಇರಲಿ, ಅದರಿಂದ ಯಾರ ಬಿಲ್ಲೂ ನಿಲ್ಲುವುದಿಲ್ಲ. ಟ್ರೇಸ್ ನೋಡುವಾಗ ಇನ್ನೊಂದು ಕಂಡಿತು: ಗಿರಾಕಿ ಹುಡುಕುವ ಪುಟದ ವಿಳಾಸದಲ್ಲಿ ಫೋನ್ ನಂಬರ್ ಹಾಗೇ ಬರುತ್ತಿತ್ತು, ಸ್ಪ್ಯಾನ್ (ಟ್ರೇಸ್‌ನ ಒಂದೊಂದು ತುಂಡು) ಒಳಗೂ ಸೇರಿಕೊಂಡಿತ್ತು. ಕಲೆಕ್ಟರ್‌ನ ಟ್ರೇಸ್ ಪೈಪ್‌ಲೈನ್‌ಗೆ ಆ್ಯಟ್ರಿಬ್ಯೂಟ್ಸ್ ಪ್ರೊಸೆಸರ್ ಸೇರಿಸಿ ಆ ಭಾಗವನ್ನು ಅಳಿಸುತ್ತಿದ್ದೇನೆ. ಯೇಗರ್‌ವರೆಗೆ ಅದು ಹೋಗಬೇಕಾದ ಕಾರಣವೇ ಇಲ್ಲ.

ಅಲರ್ಟ್‌ಗಳು ಎರಡು. ಆ್ಯಕ್ಟಿವ್ ರಿಕ್ವೆಸ್ಟ್ಸ್ ಮೊತ್ತ 1 ನಿಮಿಷ ಪೂರ್ತಿ 4ರಲ್ಲೇ ನಿಂತರೆ ಒಂದು. ಬಿಲ್ಲಿಂಗ್ ಜಾಬ್‌ನಿಂದ ಏನೂ ಬರದಿದ್ದರೆ ಇನ್ನೊಂದು. ಎರಡನೆಯದಕ್ಕೆ ಪ್ರೊಮಿಥಿಯಸ್‌ನ ಅಬ್ಸೆಂಟ್ ಅನ್ನುವ ಫಂಕ್ಷನ್ ಬಳಸಬೇಕು. ಪ್ರೊಮಿಥಿಯಸ್ ತಾನೇ ಎಳೆಯುವಾಗ ಅಪ್ ಅನ್ನುವ ಮೆಟ್ರಿಕ್ ಬಿಟ್ಟಿಯಾಗಿ ಸಿಗುತ್ತದೆ, ತಳ್ಳುವ ದಾರಿಯಲ್ಲಿ ಆ್ಯಪ್‌ಗೆ ಅದು ಇಲ್ಲ. ಆ್ಯಪ್ ಸತ್ತರೂ ಕೊನೆಯ ಬೆಲೆ 5 ನಿಮಿಷ ಗೆರೆಯಾಗಿ ಮುಂದುವರಿಯುತ್ತದೆ, ಅಲರ್ಟ್ ಅಷ್ಟು ತಡವಾಗಿಯೇ ಬರುವುದು. ಕಲೆಕ್ಟರ್ ಸತ್ತರೆ ಮಾತ್ರ 8888ರ ಅಪ್‌ನಿಂದ ಬೇಗ ಗೊತ್ತಾಗುತ್ತದೆ.

ಉಳಿದಿರುವುದು: ಕಲೆಕ್ಟರ್‌ನ ಕಳಿಸುವ ಕ್ಯೂ ಈಗ ಮೆಮೊರಿಯಲ್ಲೇ ಇದೆ, ರೀಸ್ಟಾರ್ಟ್ ಆದರೆ ಅದರಲ್ಲಿದ್ದದ್ದು ಹೋಗುತ್ತದೆ. ಫೈಲ್ ಸ್ಟೋರೇಜ್ ಎಕ್ಸ್‌ಟೆನ್ಶನ್ ಹಾಕಬೇಕು. ಎಂಜಿನ್‌ಎಕ್ಸ್ ಲಾಗ್ ಅನ್ನು ಫೈಲ್‌ಲಾಗ್ ರಿಸೀವರ್‌ನಿಂದ ಓದಿಸಿ, ಕ್ಯೂನಲ್ಲಿ ಕಾದ ಹೊತ್ತನ್ನೂ ಅದೇ ಡ್ಯಾಶ್‌ಬೋರ್ಡ್‌ಗೆ ತರಬೇಕು. ಮೊದಲು ಎರಡನೆಯದನ್ನು ಮಾಡುತ್ತೇನೆ.